ಗೂಗಲ್ ಮೊದಲ ಪುಟದ ಗ್ಯಾರಂಟಿ ಕೊಡೋಕೆ ಇವರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಒಳಗಿಟ್ಟು ಹಂಚುವ ಕರಪತ್ರಗಳ ವಿಷಯ ಇದು. ಕಾಲೇಜು ಅಡ್ಮಿಷನ್, ಸೀರೆ ಸೇಲ್, ಮೂಲವ್ಯಾಧಿ ಚಿಕಿತ್ಸೆ ಇವುಗಳ ನಡುವೆ ಈಗ ಹೊಸದೊಂದು ಸೇರಿಕೊಂಡಿದೆ: ‘ನಿಮ್ಮ ವ್ಯಾಪಾರ ಗೂಗಲ್ ಮೊದಲ ಪುಟದಲ್ಲಿ, ಒಂದೇ ತಿಂಗಳಲ್ಲಿ, ಗ್ಯಾರಂಟಿ’. ಕರಪತ್ರ ಸೇರಿಸೋದು ಪತ್ರಿಕೆ ಏಜೆಂಟರ ಮಟ್ಟದಲ್ಲಿ ನಡೆಯುವ ಕೆಲಸ, ಸಂಪಾದಕರ ಟೇಬಲ್‌ಗೆ ಬರೋದಿಲ್ಲ ಅಂತ ಗೊತ್ತು. ಆದರೂ ಪೇಪರ್ ಮಡಿಕೆಯಿಂದ ಬಿದ್ದ ಕಾಗದ ಅಂದರೆ ಜನಕ್ಕೆ ಒಂದು ನಂಬಿಕೆ. ಮಂಡಿಪೇಟೆಯ ಅಂಗಡಿಯವರು, ಹಿರೇಹಳ್ಳಿ ಕಡೆ ಸಣ್ಣ ಕಾರ್ಖಾನೆ ನಡೆಸುವವರು, ಗುಬ್ಬಿ ರಸ್ತೆಯ ನರ್ಸರಿಯವರು ಇದನ್ನು ನಂಬಿ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದಾರೆ. ನಾನು ಡಿಟಿಪಿ ಅಂಗಡಿಯವನು. ಲಗ್ನಪತ್ರಿಕೆ, ಬಿಲ್ ಬುಕ್ ಜೊತೆಗೆ ಸಣ್ಣಪುಟ್ಟ ವೆಬ್‌ಸೈಟ್ ಕೆಲಸವೂ ನನ್ನಲ್ಲಿಗೆ ಬರುತ್ತದೆ. ಹಾಗಾಗಿ ದುಡ್ಡು ಕಟ್ಟಿ ಆರು ತಿಂಗಳಾದ ಮೇಲೆ ‘ಏನೂ ಆಗಲಿಲ್ಲವಲ್ಲಪ್ಪ’ ಅಂತ ಬರುವವರ ಮುಖ ನೋಡೋನು ನಾನೇ.

ಮೊದಲು ಆ ಗ್ಯಾರಂಟಿ ಮಾತು. ಹುಡುಕಾಟದಲ್ಲಿ ಒಂದನೇ ಸ್ಥಾನವನ್ನು ಯಾರೂ ಖಾತ್ರಿ ಕೊಡೋಕಾಗಲ್ಲ ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿಟ್ಟಿದೆ. ದುಡ್ಡು ಕೊಟ್ಟು ಮೇಲೆ ಬರುವ ದಾರಿ ಒಂದೇ, ಅದು ಜಾಹೀರಾತು. ಅದರ ಮೇಲೆ ಪ್ರಾಯೋಜಿತ ಎಂಬ ಗುರುತು ಇರುತ್ತದೆ, ದುಡ್ಡು ಮುಗಿದ ದಿನ ಅದೂ ಮಾಯ. ಈ ಗ್ಯಾರಂಟಿ ಮಾರುವ ಎಷ್ಟೋ ಏಜೆಂಟರು ಎರಡು ದಿನ ಜಾಹೀರಾತು ಹಾಕಿ, ಅದನ್ನೇ ಮೊಬೈಲ್‌ನಲ್ಲಿ ತೋರಿಸಿ, ‘ನೋಡಿ ಸಾರ್, ಬಂತು’ ಅಂತ ಬಿಲ್ ಕೊಡುತ್ತಾರೆ. ಇನ್ನೊಂದು ಆಟ ಇದಕ್ಕಿಂತ ಚೆನ್ನಾಗಿದೆ. ನಿಮ್ಮ ಅಂಗಡಿಯ ಪೂರ್ತಿ ಹೆಸರು, ಜೊತೆಗೆ ಊರಿನ ಹೆಸರು ಹೊಡೆದು ಹುಡುಕಿ ತೋರಿಸುತ್ತಾರೆ. ಆ ಹೆಸರಿನ ಅಂಗಡಿ ಪ್ರಪಂಚದಲ್ಲಿ ಇರೋದೇ ಒಂದು. ಅದು ಮೊದಲು ಬರದೆ ಇನ್ನೇನು ಬರುತ್ತೆ? ನಿಮ್ಮ ಹೆಸರು ಗೊತ್ತಿರೋನು ನಿಮಗೆ ಫೋನೇ ಮಾಡ್ತಾನೆ. ಹೆಸರು ಗೊತ್ತಿಲ್ಲದೆ ‘ಕಸಿ ಹಲಸು ಸಸಿ ಎಲ್ಲಿ ಸಿಗುತ್ತೆ’ ಅಂತ ಹುಡುಕೋನಿಗೆ ನೀವು ಕಾಣಿಸಬೇಕು, ಅಲ್ವಾ?

ಈ ಪ್ಯಾಕೇಜ್‌ಗಳಲ್ಲಿ ಮಾರುತ್ತಿರುವ ಸರಕು ಹಳೇದು. ಗೂಗಲ್ ಶುರುವಾಗಿದ್ದು 1998ರಲ್ಲಿ, ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಲ್ಯಾರಿ ಪೇಜ್, ಸೆರ್ಗೈ ಬ್ರಿನ್ ಅವರಿಂದ. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳಿಂದ ಲಿಂಕ್ ಇದೆ, ಆ ಲಿಂಕ್ ಕೊಟ್ಟವರು ಎಂಥವರು ಅಂತ ನೋಡಿ ಪುಟದ ತೂಕ ಅಳೆಯೋದು ಅವರ ಉಪಾಯ. ಹೆಣ್ಣು ಕೊಡೋ ಮುಂಚೆ ಹುಡುಗನ ಊರಲ್ಲಿ ನಾಲ್ಕು ಜನರನ್ನು ವಿಚಾರಿಸಿದ ಹಾಗೆ. ಇದು ಗೊತ್ತಾದ ತಕ್ಷಣ ಲಿಂಕ್ ಮಾರೋರು ಹುಟ್ಟಿಕೊಂಡರು. ಪುಟದ ತುಂಬ ಹುಡುಕಾಟದ ಪದ ತುರುಕೋರು ಹುಟ್ಟಿಕೊಂಡರು. ಗೂಗಲ್ ಕೂಡ ಸುಮ್ನೆ ಕೂರಲಿಲ್ಲ. 2011ರ ಫೆಬ್ರವರಿಯಲ್ಲಿ ಪಾಂಡಾ ಎಂಬ ಬದಲಾವಣೆ ತಂದು, ಸತ್ವ ಇಲ್ಲದ ಪುಟಗಳನ್ನು ರಾಶಿ ರಾಶಿ ಹಾಕುವ ಸೈಟ್‌ಗಳನ್ನು ಕೆಳಗೆ ತಳ್ಳಿತು. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಬಂದು ಲಿಂಕ್ ವ್ಯಾಪಾರದ ಬೆನ್ನು ಮುರಿಯಿತು. 2022ರ ಆಗಸ್ಟ್‌ನಿಂದ, ಜನಕ್ಕೆ ಉಪಯೋಗ ಆಗಲಿ ಅಂತ ಬರೆದ ಪುಟ ಯಾವುದು, ಬರೀ ಹುಡುಕಾಟದಲ್ಲಿ ಮೇಲೆ ಬರಲಿ ಅಂತ ಬರೆದದ್ದು ಯಾವುದು ಅಂತ ಬೇರೆ ಮಾಡಿ ನೋಡೋಕೆ ಶುರು ಮಾಡಿದೆ. ಆದರೂ ನಮ್ಮ ಊರಿನ ಕರಪತ್ರದಲ್ಲಿ ಇವತ್ತಿಗೂ ‘ಐದು ಸಾವಿರ ಬ್ಯಾಕ್‌ಲಿಂಕ್ ಉಚಿತ’, ಅಂದರೆ ಬೇರೆ ಸೈಟ್‌ಗಳಿಂದ ಅಷ್ಟು ಲಿಂಕ್! ಕೀವರ್ಡ್ಸ್ ಟ್ಯಾಗ್, ಅಂದರೆ ಪುಟದ ಹಿಂದೆ ಕಣ್ಣಿಗೆ ಕಾಣದ ಹಾಗೆ ಬರೆದಿಡುವ ಪದಗಳ ಪಟ್ಟಿ, ತುಂಬಿಸಿಕೊಡಲು ಬೇರೆ ಚಾರ್ಜು. ಆ ಟ್ಯಾಗನ್ನು ನಾವು ಲೆಕ್ಕಕ್ಕೇ ತಗೊಳ್ಳಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಇದೆಲ್ಲ ಬಾಯಿ ಮಾತಾಗೋದು ಬೇಡ, ನಾನು ಕಂಡ ಒಂದು ಸೈಟ್ ಹೇಳುತ್ತೇನೆ. ಒಂದು ನರ್ಸರಿಯವರದ್ದು, ಹೆಸರು ಬೇಡ. ಮುಖಪುಟ ತೆರೆದರೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ‘ವಿಶ್ವದರ್ಜೆಯ ಹಸಿರು ಪರಿಹಾರಗಳು’ ಎಂಬ ಅರ್ಥ ಬರುವ ಸಾಲು. ಕೆಳಗೆ ನಗುತ್ತಿರುವ ವಿದೇಶಿ ಹೆಂಗಸಿನ ಫೋಟೊ, ಕೈಯಲ್ಲಿ ನಮ್ಮ ಕಡೆ ಬೆಳೆಯದ ಯಾವುದೋ ಹೂವಿನ ಕುಂಡ. ‘ನಮ್ಮ ಬಗ್ಗೆ’ ಅಂತ ಇರುವ ಪುಟದ ಮೂರನೇ ಪ್ಯಾರಾದಲ್ಲಿ, ನಾವು ಅತ್ಯುತ್ತಮ ಗುಣಮಟ್ಟದ ಫ್ಲೋರ್ ಟೈಲ್ಸ್ ಒದಗಿಸುತ್ತೇವೆ ಅಂತ ಇತ್ತು. ಯಾವುದೋ ಟೈಲ್ಸ್ ಅಂಗಡಿಗೆ ಬರೆದದ್ದನ್ನು ಎತ್ತಿ ಇಲ್ಲಿ ಇಟ್ಟಿದ್ದಾರೆ, ಅಷ್ಟೂ ತಿದ್ದಿಲ್ಲ. ಪುಟದ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ತಿಪಟೂರು, ತುರುವೇಕೆರೆ, ಕುಣಿಗಲ್, ಗುಬ್ಬಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಚಿಕ್ಕನಾಯಕನಹಳ್ಳಿ ಅಂತ ಇಡೀ ಜಿಲ್ಲೆಯ ತಾಲ್ಲೂಕುಗಳ ಸಾಲು, ಪ್ರತಿ ಊರಿನ ಮುಂದೆಯೂ ‘ಬೆಸ್ಟ್ ನರ್ಸರಿ’. ಹೀಗೆ ಊರಿನ ಹೆಸರುಗಳನ್ನು ಗುಡ್ಡೆ ಹಾಕೋದನ್ನು ಗೂಗಲ್ ತನ್ನ ಸ್ಪ್ಯಾಮ್ ನಿಯಮದಲ್ಲಿ ಉದಾಹರಣೆ ಸಮೇತ ಬೇಡ ಅಂದಿದೆ. ಬೇಡ ಅಂದ ಅದೇ ಕೆಲಸಕ್ಕೆ ಇವರು ದುಡ್ಡು ಕೊಟ್ಟಿದ್ದಾರೆ.

ಅದೇ ಯಜಮಾನರ ಪಕ್ಕ ಅರ್ಧ ಗಂಟೆ ಕೂತು ಅವರು ಫೋನಲ್ಲಿ ಮಾತಾಡೋದು ಕೇಳಿ. ಒಬ್ಬ ರೈತ ತೆಂಗಿನ ಸಸಿ ಕೇಳಿದರೆ, ‘ಎಳನೀರಿಗೋ ಕೊಬ್ಬರಿಗೋ’ ಅಂತಾರೆ. ಕೊಬ್ಬರಿಗಾದರೆ ತಿಪಟೂರು ಟಾಲ್ ಹಾಕಿ, ಫಸಲಿಗೆ ಆರೇಳು ವರ್ಷ ಕಾಯಬೇಕು. ಎಳನೀರಿಗಾದರೆ ಗಿಡ್ಡ ತಳಿ, ಮೂರ್ನಾಲ್ಕು ವರ್ಷಕ್ಕೆ ಹೊಂಬಾಳೆ ಬರುತ್ತೆ. ಗುಂಡಿ ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ ಇರಲಿ. ಸಾಲಿಂದ ಸಾಲಿಗೆ 25ರಿಂದ 30 ಅಡಿ ಬಿಡಿ, ಆಸೆಗೆ ಬಿದ್ದು ಹತ್ತಿರ ಹಾಕಬೇಡಿ. ಸಸಿ ಎಷ್ಟು ಎತ್ತರ ಅಂತ ನೋಡಬೇಡಿ, ಬುಡ ಎಷ್ಟು ದಪ್ಪ ಇದೆ ನೋಡಿ. ಇನ್ನೊಬ್ಬ ಸಿದ್ದು ಹಲಸು ಕೇಳಿದ. ಅದು ನಮ್ಮ ಜಿಲ್ಲೆಯದ್ದೇ ತಳಿ, ತೊಳೆ ಕೆಂಪು. ಇವರು ಅವನಿಗೆ ಹೇಳಿದ್ದು: ಬೀಜ ಹಾಕಿ ಬೆಳೆಸಿದರೆ ತಾಯಿ ಮರದ ಗುಣ ಬರುತ್ತೆ ಅಂತ ನಂಬಬೇಡಿ, ಕಸಿ ಸಸಿಯೇ ಆಗಬೇಕು, ಕಸಿ ಕಟ್ಟಿದ ಗಂಟು ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿ, ಗಂಟಿನ ಕೆಳಗೆ ಚಿಗುರು ಬಂದರೆ ತಕ್ಷಣ ಕಿತ್ತು ಹಾಕಿ, ಇಲ್ಲದಿದ್ದರೆ ಮೇಲಿನ ಕಸಿ ಸೊರಗಿ ಕೆಳಗಿನ ಕಾಡು ಗಿಡ ಬೆಳೆಯುತ್ತೆ.

ಇಷ್ಟರಲ್ಲಿ ಒಂದಕ್ಷರವೂ ಆ ಸೈಟ್‌ನಲ್ಲಿ ಇಲ್ಲ. ದಿನಕ್ಕೆ ಇಷ್ಟು ಜನ ಫೋನ್ ಮಾಡಿ ಕೇಳುವ ವಿಷಯವನ್ನೇ ಊರೂರಿನ ರೈತರು ಮೊಬೈಲ್‌ನಲ್ಲೂ ಹುಡುಕುತ್ತಿರುತ್ತಾರೆ. ಅವರಿಗೆ ಕನ್ನಡದಲ್ಲಿ ಸಿಗೋದು ಏನು? ಎಲ್ಲೋ ಒಂದು ವಿಡಿಯೊ, ಎಲ್ಲೋ ಒಂದು ಪತ್ರಿಕೆಯ ಹಳೆಯ ಲೇಖನ. ಇಂಗ್ಲಿಷ್‌ನಲ್ಲಿ ಒಂದು ವಿಷಯಕ್ಕೆ ಲಕ್ಷಗಟ್ಟಲೆ ಪುಟ ಪೈಪೋಟಿಗೆ ನಿಂತಿರುತ್ತವೆ, ಕನ್ನಡದಲ್ಲಿ ಎಷ್ಟೋ ಪ್ರಶ್ನೆಗೆ ಒಂದು ನೆಟ್ಟಗಿನ ಉತ್ತರವೇ ಇಲ್ಲ. ಹೀಗೆ ಖಾಲಿ ಬಿದ್ದಿರುವ ಜಾಗದಲ್ಲಿ ತಿಳಿದವನೊಬ್ಬ ಒಂದು ಒಳ್ಳೆ ಪುಟ ಬರೆದರೆ ಸಾಕು, ಗೂಗಲ್ ಅದನ್ನು ತೋರಿಸದೆ ಇನ್ನೇನನ್ನು ತೋರಿಸೀತು? ಇದಕ್ಕೆ ಏಜೆಂಟ್ ಬೇಕಾಗಿಲ್ಲ. ಫೋನಲ್ಲಿ ಹೇಳಿದ್ದನ್ನು ಮಗನೋ ಮಗಳೋ ಬರೆದುಕೊಂಡರೆ ಸಾಕು. ಈಗ ಮೊಬೈಲ್ ಕೀಬೋರ್ಡ್‌ನಲ್ಲಿ ಮಾತಾಡಿದರೆ ಅದೇ ಕನ್ನಡದಲ್ಲಿ ಟೈಪ್ ಮಾಡಿಕೊಳ್ಳುತ್ತೆ, ಆಮೇಲೆ ತಪ್ಪು ತಿದ್ದಿದರಾಯಿತು.

ಬೇರೆ ಧಂದೆಗಳಲ್ಲೂ ಇದೇ ಕಥೆ. ಒಂದು ಕಲ್ಯಾಣ ಮಂಟಪದ ಸೈಟ್ ನೋಡಿದೆ. ಗುಲಾಬಿ ದಳ ಉದುರೋದು ಇದೆ, ಹಿನ್ನೆಲೆಯಲ್ಲಿ ನಾದಸ್ವರ ಇದೆ, ನಿಮ್ಮ ಕನಸಿನ ಮದುವೆ ಇಲ್ಲಿ ನನಸು ಅಂತ ಇದೆ. ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದು ಅನ್ನೋದು ಇಲ್ಲ! ಮದುವೆ ಮಾಡೋ ಮನೆಯವರು ಮೊದಲು ಕೇಳೋದೇ ಅದು. ಆಮೇಲೆ ರೂಮು ಎಷ್ಟು, ಜನರೇಟರ್ ಡೀಸೆಲ್ ಯಾರದ್ದು, ಅಡುಗೆಯವರು ನಮ್ಮವರೇ ಆಗಬಹುದೋ ಅಥವಾ ನಿಮ್ಮವರೇ ಇರಬೇಕೋ, ಹಿಂದಿನ ದಿನ ಎಷ್ಟು ಗಂಟೆಗೆ ಬೀಗ ಕೊಡ್ತೀರಿ. ಬೋರ್‌ವೆಲ್ ಮೋಟರ್ ರೀವೈಂಡಿಂಗ್ ಮಾಡುವ ನಮ್ಮ ಪರಿಚಯದವರೊಬ್ಬರು, ಮೋಟರ್ ಸುಟ್ಟಿದೆಯೋ ಅಥವಾ ಕೇಬಲ್ ಜಾಯಿಂಟ್‌ನಲ್ಲೇ ನೀರು ಹೋಗಿದೆಯೋ ಅಂತ ಮೇಲೆತ್ತುವ ಮುಂಚೆ ಹೇಗೆ ನೋಡೋದು ಅಂತ ಗಿರಾಕಿಗಳಿಗೆ ಬಿಡಿಸಿ ಹೇಳುತ್ತಾರೆ. ಅಷ್ಟನ್ನು ನಾಲ್ಕು ಫೋಟೊ ಜೊತೆ ಬರೆದು ಹಾಕಿದರೆ ಪೈಪ್ ಎತ್ತೋ ಖರ್ಚು ಉಳಿಸಿಕೊಂಡ ರೈತ ಇವರನ್ನು ಮರೆಯೋದಿಲ್ಲ.

ಇನ್ನು ಬೆಲೆಯ ವಿಷಯಕ್ಕೆ ಬಂದರೆ ನಮ್ಮ ವ್ಯಾಪಾರಸ್ಥರ ಮೇಲೂ ನನಗೆ ತಕರಾರಿದೆ. ‘ಬೆಲೆಗಾಗಿ ಸಂಪರ್ಕಿಸಿ’ ಅಂತ ಬರೆದುಬಿಡುತ್ತಾರೆ. ಪಕ್ಕದ ಅಂಗಡಿಯವನಿಗೆ ಗೊತ್ತಾಗಿಬಿಟ್ಟೀತು ಅಂತ ಭಯ. ಪಕ್ಕದ ಅಂಗಡಿಯವನಿಗೆ ಅದು ಗೊತ್ತಾಗಿ ಯಾವ ಕಾಲವಾಯಿತೋ! ಜನ ಹುಡುಕುವಾಗ ವಸ್ತುವಿನ ಹೆಸರಿನ ಜೊತೆ ‘ಬೆಲೆ’ ಅಂತಲೂ ಸೇರಿಸುತ್ತಾರೆ. ಖಚಿತ ಬೆಲೆ ಹೇಳೋಕಾಗದಿದ್ದರೆ ಇಷ್ಟರಿಂದ ಇಷ್ಟರವರೆಗೆ ಅಂತ ಹಾಕಿ, ಯಾಕೆ ಹೆಚ್ಚುಕಮ್ಮಿ ಆಗುತ್ತೆ ಅಂತ ಎರಡು ಸಾಲು ಬರೆಯಿರಿ.

ಕನ್ನಡದಲ್ಲಿ ಹಾಕಿದವರೂ ಕೆಲವರಿದ್ದಾರೆ, ಅವರ ಗೋಳು ಬೇರೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲೇ ಟೈಪ್ ಮಾಡೋದು ಹೆಚ್ಚು. ಅಚ್ಚಿಗೆ ಅದು ಚೆನ್ನಾಗಿದೆ, ನಾನೂ ಲಗ್ನಪತ್ರಿಕೆಗೆ ಅದನ್ನೇ ಬಳಸೋದು. ಆದರೆ ಆ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣೋದು ಕನ್ನಡ, ಒಳಗೆ ಕಂಪ್ಯೂಟರ್ ಇಟ್ಟುಕೊಂಡಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಅದನ್ನು ಹಾಗೇ ಕಾಪಿ ಮಾಡಿ ವೆಬ್‌ಸೈಟ್‌ಗೆ ಹಾಕಿದರೆ ‘ನ’ ಇರಬೇಕಾದ ಕಡೆ ಇಂಗ್ಲೆಂಡಿನ ಪೌಂಡ್ ಗುರುತು, ಅದರ ಪಕ್ಕ ತಲೆ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ ‘ಎ’. ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರೋದರಿಂದ ಕೆಲವೊಮ್ಮೆ ಮಾಲೀಕನಿಗೆ ಎಲ್ಲ ಸರಿಯಾಗಿಯೇ ಕಾಣುತ್ತೆ. ಗೂಗಲ್ ಮಾತ್ರ ಅದನ್ನು ಕನ್ನಡ ಅಂತಲೇ ಗುರುತಿಸೋದಿಲ್ಲ. ಹುಡುಕುವವನು ಯುನಿಕೋಡ್‌ನಲ್ಲಿ, ಅಂದರೆ ಮೊಬೈಲ್‌ನಲ್ಲೂ ಇಂಟರ್ನೆಟ್‌ನಲ್ಲೂ ನಡೆಯುವ ಅಸಲಿ ಕನ್ನಡ ಅಕ್ಷರದಲ್ಲಿ, ‘ತೆಂಗಿನ ಸಸಿ’ ಅಂತ ಹೊಡೆದರೆ ಎರಡಕ್ಕೂ ತಾಳೆ ಎಲ್ಲಿಂದ ಬರಬೇಕು? ಹಳೆಯದನ್ನು ಯುನಿಕೋಡ್‌ಗೆ ಬದಲಿಸುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತೆ. ಬದಲಿಸಿದ ಮೇಲೆ ಒಂದು ಸಲ ಓದಿ ಒತ್ತಕ್ಷರ ಸರಿ ಮಾಡಿಕೊಳ್ಳಬೇಕು, ಅಷ್ಟೇ. ಇನ್ನು ಕೆಲವರು ಎಲ್ಲ ಮಾಹಿತಿಯನ್ನೂ ಪೋಸ್ಟರ್ ಥರ ಡಿಸೈನ್ ಮಾಡಿ ಚಿತ್ರವಾಗಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ನಂಬಿಕೊಂಡು ಕೂರಬೇಡಿ, ಮುಖ್ಯವಾದದ್ದು ಅಕ್ಷರವಾಗಿಯೇ ಪುಟದಲ್ಲಿ ಇರಲಿ.

ಅಂದ ಹಾಗೆ ಸಂಪಾದಕರೇ, ನಿಮ್ಮ ಇ-ಪೇಪರ್‌ನ ಜಿಲ್ಲಾ ಪುಟವೂ ಚಿತ್ರವೇ. ಕೊಬ್ಬರಿ ದರದ ಬಗ್ಗೆ ನಿಮ್ಮ ವರದಿಗಾರರು ಬರೆದ ಒಳ್ಳೆ ವರದಿ ಮರುದಿನ ಹುಡುಕಿದರೆ ಸಿಗೋದಿಲ್ಲ. ಅದನ್ನೂ ಸ್ವಲ್ಪ ನೋಡಿ.

ಅಂಗಡಿ ಇಟ್ಟವರಿಗೆ ವೆಬ್‌ಸೈಟ್‌ಗಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್. ಅದು ಪೂರ್ತಿ ಉಚಿತ. ‘ಗೂಗಲ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ಪ್ರೊಫೈಲ್ ಬಂದ್ ಆಗುತ್ತೆ, ಇಷ್ಟು ಕಟ್ಟಿ’ ಅಂತ ಫೋನ್ ಬಂದರೆ ಇಟ್ಟುಬಿಡಿ. ಅಲ್ಲಿ ಯಾರು ಮೇಲೆ ಬರಬೇಕು ಅನ್ನೋದಕ್ಕೆ ಗೂಗಲ್ ನೋಡೋದು ಮುಖ್ಯವಾಗಿ ಮೂರು: ಹುಡುಕಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಸಂಬಂಧ ಇದೆಯಾ, ಹುಡುಕಿದವನಿಂದ ನೀವು ಎಷ್ಟು ದೂರ, ನಿಮಗೆ ಎಷ್ಟು ಹೆಸರಿದೆ. ದೂರವನ್ನು ಯಾವ ಏಜೆಂಟ್ ಕಡಿಮೆ ಮಾಡ್ತಾನೆ? ಕ್ಯಾತ್ಸಂದ್ರದಲ್ಲಿ ನಿಂತು ತಟ್ಟೆ ಇಡ್ಲಿ ಹುಡುಕಿದವನಿಗೆ ಕ್ಯಾತ್ಸಂದ್ರದ ಹೋಟೆಲ್‌ಗಳೇ ಮೊದಲು ಬರೋದು, ಅದು ಸರಿಯೂ ಹೌದು. ನಿಮ್ಮ ಕೈಲಿರೋದು ಸರಿಯಾದ ಫೋನ್ ನಂಬರ್, ವಾರದ ರಜೆ, ನಿಮ್ಮದೇ ಅಂಗಡಿಯ ಫೋಟೊ, ಬಂದ ಗಿರಾಕಿ ಮನಸಾರೆ ಬರೆದ ಎರಡು ಮಾತು. ಊರಿನ ಹೆಸರನ್ನು ತುಮಕೂರು ಅಂತಲೇ ಬರೆಯಿರಿ, ಇಂಗ್ಲಿಷ್‌ನಲ್ಲಿ ಹಳೆಯ ಸ್ಪೆಲ್ಲಿಂಗ್ ಹೊಡೆದು ಹುಡುಕೋರು ಇನ್ನೂ ತುಂಬ ಇದ್ದಾರೆ, ಗೂಗಲ್‌ಗೆ ಎರಡೂ ಒಂದೇ ಊರು ಅಂತ ಗೊತ್ತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಕೃತಕ ಬುದ್ಧಿಮತ್ತೆಯ ಕಾಲ, ಏಜೆಂಟರು ‘ತಿಂಗಳಿಗೆ ನೂರು ಲೇಖನ’ ಅಂತ ಹೊಸ ಪ್ಯಾಕೇಜ್ ತಂದಿದ್ದಾರೆ. ಯಂತ್ರ ಬರೆದದ್ದು ಅನ್ನೋ ಒಂದೇ ಕಾರಣಕ್ಕೆ ಗೂಗಲ್ ಪುಟವನ್ನು ಕೆಳಗೆ ಹಾಕೋದಿಲ್ಲ. ಹುಡುಕಾಟವನ್ನು ಏಮಾರಿಸೋಕೆ ಅಂತಲೇ ರಾಶಿಗಟ್ಟಲೆ ಪುಟ ಹೆರೋದನ್ನು ಮಾತ್ರ, ಬರೆದವನು ಮನುಷ್ಯನಾಗಲಿ ಯಂತ್ರವಾಗಲಿ, 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಭಾಷೆ ತಿದ್ದೋಕೆ ಬಳಸಿ, ಬೇಡ ಅನ್ನಲ್ಲ. ಆದರೆ ಗುಬ್ಬಿ ಸೀಮೆಯ ಕೆಂಪು ಮಣ್ಣಲ್ಲಿ ಬೇಸಿಗೆಯಲ್ಲಿ ಸಸಿಗೆ ನೀರು ಎಷ್ಟು ದಿನಕ್ಕೆ ಬಿಡಬೇಕು ಅನ್ನೋದು ಕೈಯಾರೆ ಮಾಡಿದವನಿಗೆ ಗೊತ್ತು. ಪುಟದ ಗುಣಮಟ್ಟ ಅಳೆಯೋರಿಗೆ ಗೂಗಲ್ ಕೊಡುವ ಕೈಪಿಡಿಯಲ್ಲಿ 2022ರ ಡಿಸೆಂಬರ್‌ನಿಂದ ‘ಅನುಭವ’ ಅನ್ನೋದನ್ನು ಹೊಸದಾಗಿ ಸೇರಿಸಿದ್ದು ಇದಕ್ಕೇ.

ಸೈಟನ್ನು ಹುಡುಕಾಟದಲ್ಲಿ ಮೇಲೆ ತರುವ ಈ ಕೆಲಸಕ್ಕೆ ಎಸ್‌ಇಒ ಅಂತಾರೆ. ಎಲ್ಲ ಎಸ್‌ಇಒ ಕೆಲಸದವರೂ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಸೈಟ್ ತೆರೆದುಕೊಳ್ಳೋಕೆ ನಿಧಾನ ಆದರೆ ಸರಿಪಡಿಸೋದು, ಮೊಬೈಲ್‌ನಲ್ಲಿ ನೆಟ್ಟಗೆ ಕಾಣುವ ಹಾಗೆ ಮಾಡೋದು (ಗೂಗಲ್ ಈಗ ಓದೋದು ಮೊಬೈಲ್ ಪುಟವನ್ನೇ), ಪ್ರತಿ ಪುಟಕ್ಕೂ ಅದರದ್ದೇ ತಲೆಬರಹ ಕೊಡೋದು, ಮುರಿದ ಲಿಂಕ್ ತೆಗೆಯೋದು, ಗೂಗಲ್‌ಗೆ ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ಪಟ್ಟಿ) ಕೊಡೋದು ಇವೆಲ್ಲ ಕೆಲಸವೇ. ಅದಕ್ಕೆ ಕೂಲಿ ಕೊಡಬೇಕು. ಪ್ರಾಮಾಣಿಕರಾದರೆ ‘ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತೆ’ ಅಂತ ಮೊದಲೇ ಹೇಳುತ್ತಾರೆ, ಗೂಗಲ್ ಹೇಳೋದೂ ಅಷ್ಟನ್ನೇ. ದುಡ್ಡು ಕೊಡೋ ಮುಂಚೆ ಎರಡು ವಿಷಯ ಕೇಳಿ. ಡೊಮೇನ್, ಅಂದರೆ ಸೈಟ್‌ನ ವಿಳಾಸ, ಯಾರ ಹೆಸರಲ್ಲಿ ನೋಂದಣಿ ಆಗುತ್ತೆ? ಸೈಟ್‌ನ ಲೆಕ್ಕ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಯಾರ ಜಿಮೇಲ್‌ನಲ್ಲಿ ತೆರೆಯುತ್ತೆ? ಎರಡಕ್ಕೂ ಉತ್ತರ ‘ನಿಮ್ಮದೇ’ ಅಂತ ಇರಬೇಕು. ಡೊಮೇನನ್ನು ತಮ್ಮ ಹೆಸರಲ್ಲಿ ಇಟ್ಟುಕೊಂಡು, ಜಗಳ ಆದ ಮೇಲೆ ಕೊಡಲ್ಲ ಅಂತ ಕೂರೋರಿದ್ದಾರೆ. ವರ್ಷಗಟ್ಟಲೆ ಬೋರ್ಡು, ಬಿಲ್ಲು, ವಿಸಿಟಿಂಗ್ ಕಾರ್ಡು ಎಲ್ಲದರ ಮೇಲೂ ಅಚ್ಚು ಹಾಕಿಸಿದ ವಿಳಾಸ ಹೋಯಿತು ಅಂದರೆ ಆ ನಷ್ಟ ಯಾರು ತುಂಬಿಕೊಡ್ತಾರೆ?

ಆ ಸರ್ಚ್ ಕನ್ಸೋಲ್ ಇದೆಯಲ್ಲ, ಅದೂ ಉಚಿತ. ಜನ ಯಾವ ಪದ ಹೊಡೆದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಒತ್ತಿದರು ಅಂತ ಅದರಲ್ಲಿ ಬರುತ್ತೆ. ತಿಂಗಳಿಗೊಮ್ಮೆ ನೋಡಿದರೆ ಮುಂದಿನ ಪುಟ ಯಾವುದರ ಬಗ್ಗೆ ಬರೆಯಬೇಕು ಅಂತ ಅದೇ ಹೇಳಿಕೊಡುತ್ತೆ. ‘ತೆಂಗು ಬಿಳಿ ನೊಣ’ ಅಂತ ಹುಡುಕಿದವರಿಗೆ ನಿಮ್ಮ ಪುಟ ಕಾಣಿಸಿದೆ, ಯಾರೂ ಒತ್ತಿಲ್ಲ ಅಂದರೆ ನೀವು ಬಿಳಿ ನೊಣದ ಬಗ್ಗೆ ಎಲ್ಲೋ ಒಂದು ಮಾತು ಹೇಳಿ ಬಿಟ್ಟಿದ್ದೀರಿ ಅಂತ ಅರ್ಥ. ಅದಕ್ಕೆ ಒಂದು ಪೂರ್ತಿ ಪುಟ ಕೊಡಿ. ನೂರು ಪುಟ ಏನೂ ಬೇಕಾಗಿಲ್ಲ. ನನ್ನನ್ನು ಕೇಳಿದರೆ ಸಣ್ಣ ವ್ಯಾಪಾರಕ್ಕೆ ಹತ್ತು ಹದಿನೈದು ಗಟ್ಟಿ ಪುಟ ಧಾರಾಳ.

ಸಂಪಾದಕರಲ್ಲಿ ಕೇಳಿಕೊಳ್ಳೋದು ಇಷ್ಟು. ನಿಮ್ಮ ವಾಣಿಜ್ಯ ಪುಟದಲ್ಲಿ ಷೇರುಪೇಟೆ ಸುದ್ದಿಯ ಪಕ್ಕ ವಾರಕ್ಕೊಂದು ಸಣ್ಣ ಜಾಗ ಇದಕ್ಕೆ ಕೊಡಿ, ಜಿಲ್ಲೆಯ ಒಂದೊಂದು ಧಂದೆಯವರು ತಮ್ಮ ಗಿರಾಕಿಗಳ ಪ್ರಶ್ನೆಗೆ ಉತ್ತರ ಬರೆಯಲಿ. ಬರೆದು ಅಭ್ಯಾಸ ಆದವರು ಅದನ್ನೇ ತಮ್ಮ ಸೈಟ್‌ಗೂ ಹಾಕಿಕೊಳ್ಳುತ್ತಾರೆ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಸಾಲ, ಸಬ್ಸಿಡಿ ಬಗ್ಗೆ ತಿಳಿವಳಿಕೆ ಕೊಡುವಾಗ ಡೊಮೇನ್ ನೋಂದಣಿ, ಬಿಸಿನೆಸ್ ಪ್ರೊಫೈಲ್, ಯುನಿಕೋಡ್ ಟೈಪಿಂಗ್ ಈ ಮೂರನ್ನು ಒಂದು ಮಧ್ಯಾಹ್ನ ಹೇಳಿಕೊಟ್ಟರೂ ಆಯಿತು. ಜಾಗ ಸಿಕ್ಕರೆ ಕಂಪ್ಯೂಟರ್ ತಂದು ಹೇಳಿಕೊಡೋಕೆ ನಾನು ತಯಾರು, ಫೀಸು ಬೇಡ.

ಆ ಕರಪತ್ರವನ್ನು ಮಾತ್ರ ದಯವಿಟ್ಟು ಪತ್ರಿಕೆ ಏಜೆಂಟರಿಗೆ ಹೇಳಿ ನಿಲ್ಲಿಸಿ.

ಇಂತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗ
ಬಟವಾಡಿ, ತುಮಕೂರು